ಚಂಡಮಾರುತವನ್ನು ಗಾಳಿ ಹೇಗೆ ಕಟ್ಟುತ್ತದೆ, ಹೇಗೆ ಮುರಿಯುತ್ತದೆ?



ನೀವು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರಾದರೆ ಸಮುದ್ರ ನಿಮಗೆ ಬಲು ದೂರ. ಬಂಗಾಳ ಕೊಲ್ಲಿಯ ದಂಡೆ ಕೊಪ್ಪಳದಿಂದ ಪೂರ್ವಕ್ಕೆ ಸುಮಾರು 400 ಕಿ.ಮೀ. ಆಚೆಗಿದೆ. ಆದರೂ ‘ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ’ ಎಂಬ ಮಾತು ವಾರ್ತೆಯಲ್ಲಿ ಬಂದೊಡನೆ ಗಂಗಾವತಿಯ ಭತ್ತದ ರೈತರು ಮುಗಿಲು ನೋಡುತ್ತಾರೆ. ನವೆಂಬರ್, ಡಿಸೆಂಬರ್ ಎಂದರೆ ತುಂಗಭದ್ರಾ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಕೊಯ್ಲಿಗೆ ಬರುವ ಕಾಲ. ಎರಡು ದಿನ ಜಡಿಮಳೆ ಹಿಡಿದರೆ ಸಾಕು, ಪೈರು ನೆಲಕ್ಕೆ ಒರಗುತ್ತದೆ. ಕಾಳು ಗದ್ದೆಯಲ್ಲಿಯೇ ಮೊಳಕೆಯೊಡೆಯುತ್ತದೆ.

ಇಲ್ಲೊಂದು ಸೋಜಿಗದ ಪ್ರಶ್ನೆಯಿದೆ. ನಮ್ಮ ಭಾಗದಲ್ಲಿ ಗಾಳಿ ಜೋರಾಗಿ ಬೀಸುವುದು ಆಷಾಢದಲ್ಲಿ. ಯಲಬುರ್ಗಾ, ಕುಷ್ಟಗಿ ಸೀಮೆಯ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವುದು ಆಗಲೇ. ಆದರೆ ಜುಲೈ, ಆಗಸ್ಟ್ ತಿಂಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ದೊಡ್ಡ ಚಂಡಮಾರುತ ಏಳುವುದು ಅಪರೂಪ. ಅವು ಹೆಚ್ಚಾಗಿ ಏಳುವುದು ಮುಂಗಾರಿಗೆ ಮೊದಲು ಏಪ್ರಿಲ್–ಮೇಯಲ್ಲಿ ಮತ್ತು ಮುಂಗಾರು ಹಿಂದೆ ಸರಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಗಾಳಿ ಹೆಚ್ಚಿದ್ದಾಗ ಚಂಡಮಾರುತವಿಲ್ಲ. ಗಾಳಿ ತಗ್ಗಿದಾಗ ಚಂಡಮಾರುತ! ಇದು ಹೇಗೆ?

ಮೊದಲು ಚಂಡಮಾರುತ ಹುಟ್ಟುವ ಬಗೆಯನ್ನು ನೋಡೋಣ. ಸಮುದ್ರದ ಮೇಲ್ಪದರದ ನೀರು ಸುಮಾರು 27 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಬಿಸಿಯಾಗಿರಬೇಕು. ಆ ನೀರು ಆವಿಯಾಗಿ ಮೇಲೇರುತ್ತದೆ. ಮೇಲೆ ಆವಿ ತಣಿದು ಹನಿಯಾಗುವಾಗ ಅದರಲ್ಲಿ ಅಡಗಿದ್ದ ಶಾಖ ಹೊರಬೀಳುತ್ತದೆ. ಆ ಶಾಖದಿಂದ ಗಾಳಿ ಹಗುರವಾಗಿ ಇನ್ನೂ ಮೇಲೇರುತ್ತದೆ. ಕೆಳಗೆ ಒತ್ತಡ ಕುಸಿಯುತ್ತದೆ. ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ. ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತಿರುವುದರಿಂದ ಆ ಗಾಳಿ ನೇರವಾಗಿ ನಡುವಿಗೆ ಬಾರದೆ ಓರೆಯಾಗಿ ಸುತ್ತುತ್ತದೆ. ನಮ್ಮ ಉತ್ತರಾರ್ಧ ಗೋಳದಲ್ಲಿ ಈ ಸುತ್ತು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿರುತ್ತದೆ.

ಒದ್ದೆ ಬಟ್ಟೆ ಗಾಳಿಯಲ್ಲಿ ಬೇಗ ಒಣಗುವುದನ್ನು ನೀವು ಕಂಡಿದ್ದೀರಿ. ಹಾಗೆಯೇ ಸಮುದ್ರದ ಮೇಲೆ ಗಾಳಿ ಬಲವಾದಷ್ಟೂ ನೀರು ಹೆಚ್ಚು ಆವಿಯಾಗುತ್ತದೆ. ಹೆಚ್ಚು ಆವಿಯಿಂದ ಹೆಚ್ಚು ಶಾಖ. ಹೆಚ್ಚು ಶಾಖದಿಂದ ಇನ್ನಷ್ಟು ಗಾಳಿ. ಹೀಗೆ ಕೆಳಗಿನ ಗಾಳಿ ಚಂಡಮಾರುತವನ್ನು ಕಟ್ಟುತ್ತದೆ.

ಇನ್ನು ಮುರಿಯುವ ಗಾಳಿ. ಮನೆಯಲ್ಲಿ ಊದುಬತ್ತಿ ಹಚ್ಚಿ ನೋಡಿರಿ. ಗಾಳಿಯಾಡದ ಕೋಣೆಯಲ್ಲಿ ಹೊಗೆ ನೆಟ್ಟಗೆ ಮೇಲೇರುತ್ತದೆ. ಫ್ಯಾನು ಹಾಕಿದೊಡನೆ ಚದುರಿಹೋಗುತ್ತದೆ. ಚಂಡಮಾರುತವೂ ಹತ್ತು–ಹದಿನೈದು ಕಿ.ಮೀ. ಎತ್ತರದ ಒಂದು ಕಂಬವಿದ್ದಂತೆ. ಅದರ ಬುಡದಲ್ಲಿಯೂ ತುದಿಯಲ್ಲಿಯೂ ಸುತ್ತಲಿನ ಗಾಳಿ ಹೆಚ್ಚು ಕಡಿಮೆ ಒಂದೇ ತೆರನಾಗಿದ್ದರೆ ಕಂಬ ನೆಟ್ಟಗೆ ನಿಲ್ಲುತ್ತದೆ, ಶಾಖ ನಡುವಿನಲ್ಲಿಯೇ ಕೂಡುತ್ತದೆ. ಕೆಳಗೆ ಒಂದು ದಿಕ್ಕು, ಮೇಲೆ ಇನ್ನೊಂದು ದಿಕ್ಕು ಆದರೆ ಕಂಬ ವಾಲುತ್ತದೆ, ಶಾಖ ಹಂಚಿಹೋಗುತ್ತದೆ. ಮೇಲಿನ ಮತ್ತು ಕೆಳಗಿನ ಗಾಳಿಯ ಈ ವ್ಯತ್ಯಾಸವನ್ನು ಹವಾಮಾನ ತಜ್ಞರು ‘ವಿಂಡ್ ಶಿಯರ್’ ಎನ್ನುತ್ತಾರೆ.

ಆಷಾಢದ ಒಗಟು ಈಗ ಬಿಡಿಸಿತಲ್ಲವೇ? ಮುಂಗಾರಿನಲ್ಲಿ ಕೆಳಗೆ ಪಶ್ಚಿಮದಿಂದ ಬಲವಾದ ಗಾಳಿ. ಸುಮಾರು 14–15 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಗಂಟೆಗೆ 100 ಕಿ.ಮೀ. ಮೀರುವ ಗಾಳಿಯ ಹೊಳೆ. ಇದನ್ನು 1958ರಲ್ಲಿ ವಿವರಿಸಿದವರು ನಮ್ಮ ದೇಶದ ವಿಜ್ಞಾನಿ ಪಿ. ಕೋಟೇಶ್ವರಮ್. ಎರಡರ ಸೆಳೆತಕ್ಕೆ ಸಿಕ್ಕ ವಾಯುಭಾರ ಕುಸಿತ ಮಳೆ ಸುರಿಸಬಲ್ಲದು, ಚಂಡಮಾರುತವಾಗಿ ಬೆಳೆಯುವುದು ಕಷ್ಟ. ಅದು ಬೇಗನೆ ಭೂಮಿ ಸೇರುವುದೂ ಇನ್ನೊಂದು ಕಾರಣ. ಅಕ್ಟೋಬರ್ ಹೊತ್ತಿಗೆ ಎರಡು ಗಾಳಿಗಳೂ ತಗ್ಗುತ್ತವೆ. ಸಮುದ್ರ ಮಾತ್ರ ಇನ್ನೂ ಬಿಸಿಯಾಗಿಯೇ ಇರುತ್ತದೆ.

2013ನೇ ಇಸವಿಯ ಎರಡು ಚಂಡಮಾರುತಗಳನ್ನು ಹೋಲಿಸಿ ನೋಡಿರಿ. ಅಕ್ಟೋಬರ್‌ನಲ್ಲಿ ‘ಫೈಲಿನ್’ ಬಿಸಿನೀರಿನ ಮೇಲೆ, ಅನುಕೂಲವಾದ ಗಾಳಿಯಲ್ಲಿ ಬಲು ಬೇಗ ಬಲಿಯಿತು. ಗಂಟೆಗೆ 200 ಕಿ.ಮೀ. ಮೀರಿದ ವೇಗದಲ್ಲಿ ಒಡಿಶಾದ ಗೋಪಾಲಪುರದ ಬಳಿ ಅಪ್ಪಳಿಸಿತು. ನವೆಂಬರ್‌ನಲ್ಲಿ ‘ಲೆಹರ್’ ಕೂಡ ಸಮುದ್ರದ ನಡುವೆ ಅತಿ ತೀವ್ರವಾಗಿಯೇ ಇತ್ತು. ಆದರೆ ವಿಂಡ್ ಶಿಯರ್, ಒಣಹವೆ, ಅಷ್ಟು ಬಿಸಿಯಿಲ್ಲದ ನೀರು ಮೂರೂ ಸೇರಿ ಅದನ್ನು ಕುಗ್ಗಿಸಿದವು. ನವೆಂಬರ್ 28ರಂದು ಮಚಲೀಪಟ್ಟಣದ ಬಳಿ ದಂಡೆ ಮುಟ್ಟಿದಾಗ ಅದು ಬರೀ ವಾಯುಭಾರ ಕುಸಿತವಾಗಿತ್ತು.

ಭಾರತೀಯ ಹವಾಮಾನ ಇಲಾಖೆ ಗಾಳಿಯ ವೇಗದಿಂದಲೇ ಇವುಗಳ ದರ್ಜೆ ನಿರ್ಧರಿಸುತ್ತದೆ. ಗಂಟೆಗೆ 31 ಕಿ.ಮೀ. ಮುಟ್ಟಿದರೆ ವಾಯುಭಾರ ಕುಸಿತ. 62 ಮುಟ್ಟಿದರೆ ಚಂಡಮಾರುತ. 221 ದಾಟಿದರೆ ಸೂಪರ್ ಸೈಕ್ಲೋನ್. ವೇಗ ಇಮ್ಮಡಿಯಾದರೆ ಗೋಡೆಯ ಮೇಲೆ ಬೀಳುವ ಗಾಳಿಯ ಒತ್ತಡ ನಾಲ್ಕುಪಟ್ಟು ಆಗುತ್ತದೆ ಎಂಬುದನ್ನು ಮರೆಯಬೇಡಿ.

ಆದರೆ ನಮ್ಮ ಜಿಲ್ಲೆಯವರಿಗೆ ಇನ್ನೊಂದು ಎಚ್ಚರಿಕೆಯಿದೆ. ದಂಡೆ ದಾಟಿದ ಮೇಲೆ ಬಿಸಿನೀರಿನ ಪೂರೈಕೆ ನಿಂತು ಗಾಳಿ ಸೊರಗುತ್ತದೆ. ಮೋಡಗಳಲ್ಲಿ ತೇವ ಉಳಿದಿರುತ್ತದೆ. ಆದ್ದರಿಂದ ನಮ್ಮಲ್ಲಿಗೆ ಬರುವುದು ಗಾಳಿಯಲ್ಲ, ಮಳೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಮಳೆ ಚಂಡಮಾರುತದ್ದೇ ಅಲ್ಲ; ಪೂರ್ವದ ಕಡಲಿನ ಕಡೆಯಿಂದ ಬಂದ ಕಡಿಮೆ ಒತ್ತಡದ್ದು. ‘ದುರ್ಬಲಗೊಂಡಿದೆ’ ಎಂಬ ಸುದ್ದಿ ಕೇಳಿ ಮೈಮರೆಯಬಾರದು. ಅಕ್ಟೋಬರ್‌ನಲ್ಲಿ ಹದವಾಗಿ ಬಂದರೆ ಇದೇ ಮಳೆ ಯಲಬುರ್ಗಾದ ಎರೆಹೊಲದ ಹಿಂಗಾರಿ ಜೋಳಕ್ಕೆ, ಕಡಲೆಗೆ ಜೀವ ಎಂಬುದೂ ನಿಜ.

ಕೊನೆಗೆ ಒಂದು ಸಣ್ಣ ಪ್ರಯೋಗ. ಬರುವ ನವೆಂಬರ್‌ನಲ್ಲಿ ವಾಯುಭಾರ ಕುಸಿತದ ಸುದ್ದಿ ಬಂದ ದಿನ ಬಯಲಿಗೆ ಹೋಗಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿರಿ. ಕಡಿಮೆ ಒತ್ತಡ ನಿಮ್ಮ ಎಡಗಡೆಗೆ ಇರುತ್ತದೆ. ಬಡಗಣ ಗಾಳಿಯಾದರೆ ಎಡಗಡೆ ಪೂರ್ವ, ಅಂದರೆ ಬಂಗಾಳ ಕೊಲ್ಲಿ. ಅನಂತರ ಹವಾಮಾನ ಇಲಾಖೆಯ ಮುನ್ಸೂಚನೆ ಓದಿ ಮನೆಯ ಹಿರಿಯರಿಗೆ ತಿಳಿಸಿರಿ. ಕೊಯ್ಲು ಎರಡು ದಿನ ತಡೆಯಬೇಕೇ, ಕಣದ ರಾಶಿಗೆ ತಾಡಪತ್ರಿ ಹೊದಿಸಬೇಕೇ ಎಂದು ಅವರು ನಿರ್ಧರಿಸಲಿ. ನೀವು ಕಲಿತ ವಿಜ್ಞಾನದಿಂದ ನಾಲ್ಕು ಚೀಲ ಭತ್ತ ಉಳಿದರೂ ಅದು ಸಾರ್ಥಕ.