ಕುಂಟುವ ಎಳೆಗುದುರೆ

ಈ ಮಾತನ್ನು ಕೇಳುತ್ತಿರುವವರಲ್ಲಿ ಮನೆಯ ಮುಂದೆ ಕುದುರೆ ಕಟ್ಟಿಕೊಂಡಿರುವವರು ಬಹಳ ಮಂದಿ ಇರಲಾರರೆಂದು ಬಲ್ಲೆ. ಆದರೂ ಮೈಸೂರಿಗೆ ದಸರೆ ನೋಡಲು ಹೋಗಿ ಟಾಂಗಾ ಏರಿದವರು ಅನೇಕರಿರಬೇಕು. ಮುಂದೆ ಓಡುವ ಪ್ರಾಣಿಯ ತಲೆ ಹೆಜ್ಜೆಹೆಜ್ಜೆಗೂ ಮೇಲಕ್ಕೂ ಕೆಳಕ್ಕೂ ಆಡುವುದನ್ನು ಕಂಡು, "ನೋಡು, ಗೆಜ್ಜೆಯ ತಾಳಕ್ಕೆ ತಲೆದೂಗುತ್ತಿದೆ" ಎಂದು ಮಕ್ಕಳಿಗೆ ತೋರಿಸಿದವರೂ ಇರಬಹುದು. ಅದು ಎಷ್ಟೋ ವೇಳೆ ತಲೆದೂಗುವುದಲ್ಲ, ನೋವು.

ಮುಂಗಾಲು ನೋಯುವ ಕುದುರೆ, ಆ ಕಾಲು ನೆಲಕ್ಕೆ ತಾಕುವಾಗ ತಲೆಯನ್ನು ಮೇಲೆತ್ತುತ್ತದೆ. ಒಳ್ಳೆಯ ಕಾಲನ್ನು ಊರಿದಾಗ ತಗ್ಗಿಸುತ್ತದೆ. ಮೈಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲಿರುವುದರಿಂದ, ತಲೆಯೆತ್ತಿ ಆ ಭಾರವನ್ನು ಒಂದಿಷ್ಟಾದರೂ ಹಿಂದಕ್ಕೆ ಸರಿಸಿಕೊಳ್ಳುವ ಉಪಾಯ ಅದು. ಹಿಂಗಾಲು ನೊಂದರೆ ಸೊಂಟದ ಆ ಮಗ್ಗುಲು ಹೆಚ್ಚಾಗಿ ಏರಿಳಿಯುತ್ತದೆ. ಬರಿಯ ನಡಿಗೆಯಲ್ಲಿ ಇವು ಮರೆಯಾಗಬಹುದು. ಗಟ್ಟಿ ನೆಲದ ಮೇಲೆ ನೇರವಾಗಿ ಕುಲುಕು ಓಟ ಓಡಿಸಿದರೆ ಬಯಲಾಗುತ್ತವೆ.

ಪಶುವೈದ್ಯನಾಗಿ ನಾನು ಕಂಡ ಕುಂಟುಗಳಲ್ಲಿ ಒಂದನ್ನು ಮಾತ್ರ ಇಂದು ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಸೇರಿಕೊಂಡಿದೆ. ಮೈಸೂರಿನ ಟಾಂಗಾದವನೊಬ್ಬ ಮೂರು ವರ್ಷದ ಹೆಣ್ಣು ಕುದುರೆಯನ್ನು ಕೊಂಡಿದ್ದ. ಹೆಂಡತಿಯ ಕೈಬಳೆ ಅಡವಿಟ್ಟು ತಂದ ಹಣ. ಚೆಲುವಾದ ಕಂದು ಮೈ, ಸಾಧು ಸ್ವಭಾವ. ನನ್ನಲ್ಲಿಗೆ ಬರುವ ವೇಳೆಗೆ ಅದು ಕುಂಟಲಾರಂಭಿಸಿ ನಾಲ್ಕು ತಿಂಗಳಾಗಿತ್ತು. ಲಾಳ ಮೂರು ಸಲ ಕಿತ್ತು ಮೂರು ಸಲ ಹೊಡೆದಿದ್ದರು. ಹಿರಿಯ ನೆಂಟನೊಬ್ಬ ಭುಜದ ಮೇಲೆ ಬರೆಯನ್ನೂ ಹಾಕಿಸಿದ್ದ. ಬರೆಯಿಂದ ಕುಂಟು ವಾಸಿಯಾದುದನ್ನು ನಾನು ಕಂಡಿಲ್ಲ. ಸುಟ್ಟ ಕುದುರೆಯನ್ನು ಕೆಲವು ವಾರ ಹೂಡದೆ ಬಿಡುತ್ತಾರಲ್ಲ, ಆ ವಿಶ್ರಾಂತಿಯ ಪುಣ್ಯ ಬರೆಯ ಲೆಕ್ಕಕ್ಕೆ ಜಮೆಯಾಗುತ್ತದೆ.

ಕುಂಟು ಕಂಡರೆ ಮೊದಲು ಗೊರಸು ನೋಡು ಎಂಬುದು ನಮ್ಮ ವಿದ್ಯೆಯ ಮೊದಲ ಪಾಠ. ಅದು ಸರಿಯಾದ ಪಾಠವೇ. ಮುಂಗಾಲಿನ ಕುಂಟಿನಲ್ಲಿ ಹೆಚ್ಚಿನ ಪಾಲು ಗೊರಸಿನಲ್ಲೇ ಹುಟ್ಟುತ್ತದೆ. ಲಾಳದ ಮೊಳೆ ಒಳಜೀವಕ್ಕೆ ತೀರ ಸಮೀಪವಾದರೂ ಸಾಕು, ಕಲ್ಲು ಚುಚ್ಚಿ ಒಳಗೆ ಕೀವು ಕಟ್ಟಿದರೂ ಸಾಕು. ಕೀವಾದರೆ ಗೊರಸು ಬಿಸಿಯೇರಿ, ಅದರ ಮೇಲಿನ ಗೆಣ್ಣಿನಲ್ಲಿ ನಾಡಿ ಜೋರಾಗಿ ಬಡಿಯುತ್ತದೆ. ದಾರಿ ಮಾಡಿ ಹೊರಬಿಟ್ಟು, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟರೆ (ಕುದುರೆಗೆ ಆ ರೋಗದ ಭಯ ಬಹಳ) ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಕಾಲೂರುತ್ತದೆ. ಈ ಕುದುರೆಯ ಎಡ ಮುಂಗಾಲಿನ ಗೊರಸನ್ನು ಇಕ್ಕಳದಿಂದ ಒತ್ತಿದಾಗ ಅದು ತುಸು ಬೆಚ್ಚಿತು. ನನಗೆ ಅಷ್ಟೇ ಸಾಕಾಯಿತು. ಮೊಳೆ ತೆಗೆಸಿ ಪಟ್ಟು ಕಟ್ಟಿಸಿದೆ. ಐದು ದಿನ ಚೆನ್ನಾಗಿ ನಡೆಯಿತು.

ಆರನೆಯ ದಿನ ಬಲ ಮುಂಗಾಲು ಕುಂಟಿತು. ಮುಂದಿನ ವಾರ ಹಿಂಗಾಲು. "ನೋವು ಊರೂರು ಸುತ್ತುತ್ತದೆ ಸ್ವಾಮಿ" ಎಂದ ಟಾಂಗಾದವನು. ರೋಗದ ಹೆಸರೊಂದನ್ನು ಬಿಟ್ಟು ಉಳಿದುದೆಲ್ಲವೂ ಆ ಮಾತಿನಲ್ಲಿತ್ತು. ನಾನು ನಕ್ಕು, ಫಿನೈಲ್‌ಬ್ಯುಟಜೋನ್ ಎಂಬ ನೋವುನಿವಾರಕವನ್ನು ಒಂದು ವಾರಕ್ಕೆ ಬರೆದುಕೊಟ್ಟೆ. ಕುಂಟು ಮಾಯವಾಯಿತು. ಅವನು ಗಾಡಿಗೆ ಹೂಡಿದ. ಹೂಡಬೇಡ ಎಂದು ನಾನು ಹೇಳಿರಲಿಲ್ಲ. ಔಷಧ ಮುಗಿದ ಮೂರನೆಯ ದಿನ ಕುದುರೆ ಮೊದಲಿಗಿಂತ ಕೆಟ್ಟಿತು.

ಆಗ ಅವನ ಲಾಯಕ್ಕೇ ಹೋದೆ. ಮೊದಲೇ ಹೋಗಬೇಕಾಗಿತ್ತು. ಸಂಜೆ ಮೇವಿನ ಹೊತ್ತು. ಬಕೆಟ್ಟಿನ ತುಂಬ ನೀರಿನಲ್ಲಿ ಕಲಸಿದ ಗೋಧಿ ಬೂಸಾ, ಮೇಲೆ ಒಂದು ಅಚ್ಚು ಬೆಲ್ಲ. ಮುದ್ದಿನ ಕುದುರೆಗೆ ಬೂಸಾಕ್ಕಿಂತ ಒಳ್ಳೆಯದುಂಟೇ ಎಂಬ ನಂಬಿಕೆ. ಪಕ್ಕದಲ್ಲಿ ನೆರೆಯ ಹಾಲಿನವನಿಂದ ಕೊಂಡ ಹಸಿ ನೇಪಿಯರ್ ಹುಲ್ಲು. ಕುದುರೆ ಮೆಲ್ಲಗೆ ಅಗಿದು ಅರ್ಧ ಹುಲ್ಲನ್ನು ಬಾಯಿಂದ ಉದುರಿಸುತ್ತಿತ್ತು. ಮುಖ ಸವರಿದೆ. ಕಣ್ಣಿನ ಕೆಳಗೆ ಎರಡು ಕಡೆಯೂ ಮೂಳೆ ಸ್ವಲ್ಪ ಊದಿತ್ತು.

ಯೂರೋಪಿನಲ್ಲಿ ಹಿಂದೆ ಹಿಟ್ಟಿನ ಗಿರಣಿಯವರ ಕುದುರೆಗಳಿಗೆ ಬರುತ್ತಿದ್ದ ರೋಗ ಇದು. ಗಿರಣಿಯಲ್ಲಿ ಹೊಟ್ಟು ಸುಲಭ, ಅದನ್ನೇ ತಿನ್ನಿಸುತ್ತಿದ್ದರು. ಗೋಧಿಯ ಬೂಸಾದಲ್ಲಿ ಸುಣ್ಣದಂಶಕ್ಕಿಂತ ರಂಜಕ ಸುಮಾರು 8ರಿಂದ 10 ಪಟ್ಟು ಹೆಚ್ಚು. ಕುದುರೆಗೆ ಬೇಕಾದುದು ಇದರ ತಿರುವು: ಸುಣ್ಣ ಒಂದೂವರೆ ಪಾಲಾದರೆ ರಂಜಕ ಒಂದು ಪಾಲು. ನೇಪಿಯರ್ ಹುಲ್ಲಿನ ಆಕ್ಸಲೇಟ್ ಎಂಬ ವಸ್ತು ಇದ್ದಬದ್ದ ಸುಣ್ಣವನ್ನೂ ಕರುಳಿನಲ್ಲಿ ಹಿಡಿದಿಟ್ಟುಬಿಡುತ್ತದೆ. ಅದೇ ಹುಲ್ಲು ತಿಂದ ಹಸು ಸುಖವಾಗಿ ಹಾಲು ಕೊಡುತ್ತದೆ. ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆದುಹಾಕುತ್ತವೆ. ಕುದುರೆಗೆ ಆ ಅನುಕೂಲವಿಲ್ಲ.

ರಕ್ತಕ್ಕಾದರೋ ಸುಣ್ಣ ಬೇಕೇ ಬೇಕು. ಗುಂಡಿಗೆ ಬಡಿಯುವುದಕ್ಕೂ ಅದು ಬೇಕು. ಆಹಾರದಲ್ಲಿ ಸಿಕ್ಕದಿದ್ದರೆ ಕುತ್ತಿಗೆಯ ಒಂದು ಸಣ್ಣ ಗ್ರಂಥಿಯ ಅಪ್ಪಣೆಯಂತೆ ಮೂಳೆಗಳಿಂದ ಸಾಲ ತೆಗೆಯುತ್ತದೆ. ಆದ್ದರಿಂದಲೇ ರಕ್ತಪರೀಕ್ಷೆಯಲ್ಲಿ ಸುಣ್ಣ ಸರಿಯಾಗಿಯೇ ಕಾಣಬಹುದು. ಎಕ್ಸ್‌ರೇಯೂ ಮೂಳೆಯ ಸುಮಾರು ಮೂರನೆಯ ಒಂದು ಪಾಲು ಕರಗುವವರೆಗೆ ಸುಳಿವು ಕೊಡದು. ಮುಖದಲ್ಲಿ ಮೂಳೆ ಹೋದ ಕಡೆ ನಾರು ತುಂಬಿ ಊದಿಕೊಳ್ಳುತ್ತದೆ. ಕಾಲಿನಲ್ಲಿ ಇಂದು ಇಲ್ಲಿ, ನಾಳೆ ಅಲ್ಲಿ ನೋಯುತ್ತದೆ. ಎಳೆಯ ಕುದುರೆಗೆ ಪೆಟ್ಟು ಹೆಚ್ಚು, ಅದರ ಎಲುಬು ಇನ್ನೂ ಕಟ್ಟುತ್ತಿರುವ ಮನೆ.

ಬೂಸಾ ಪೂರಾ ನಿಲ್ಲಿಸಿದೆವು. ನೇಪಿಯರ್ ಬದಲು ಒಣಹುಲ್ಲು, ಲೂಸರ್ನ್ ಸೊಪ್ಪು (ಕುದುರೆ ಮೆಂತ್ಯ ಎಂಬುದು ಇದೇ), ಬೇಯಿಸಿದ ಹುರುಳಿ. ಹುರುಳಿಯಲ್ಲಿ ಸುಣ್ಣ, ರಂಜಕ ಹೆಚ್ಚುಕಡಿಮೆ ಸಮ. ನಮ್ಮ ಹಿರಿಯರು ಕುದುರೆಗೆ ಅದನ್ನು ಹಾಕುತ್ತಿದ್ದುದರಲ್ಲಿ ಅರ್ಥವಿತ್ತು. ಜೊತೆಗೆ ಪಶುಆಹಾರಕ್ಕೆಂದೇ ಮಾರುವ ಸುಣ್ಣದಕಲ್ಲಿನ ಪುಡಿ, ಅಳತೆಯಿಟ್ಟು. ಎಲೆಅಡಿಕೆಯ ಸುಣ್ಣ ಆದೀತೇ ಎಂದು ಅವನ ಹೆಂಡತಿ ಕೇಳಿದಳು. ಖಂಡಿತ ಕೂಡದು, ಬಾಯಿ ಸುಡುತ್ತದೆ.

ಔಷಧಕ್ಕಿಂತ ಕಷ್ಟವಾದದ್ದು ವಿಶ್ರಾಂತಿ. ಅಂಥ ಮೂಳೆ ಭಾರ ಎಳೆಯುವಾಗ ಮುರಿಯಬಹುದು, ಸ್ನಾಯುವಿನ ಹುರಿ ಮೂಳೆಯಿಂದ ಕಿತ್ತುಬರಬಹುದು. ನಾಲ್ಕು ತಿಂಗಳು ಗಾಡಿ ಕೂಡದೆಂದೆ. ಬಡ್ಡಿ ನಿಲ್ಲುವುದಿಲ್ಲವಲ್ಲ. ಎರಡು ದಿನ ಬಿಟ್ಟು ಅವನು ಬಂದು, ಹಳ್ಳಿಯವನೊಬ್ಬ ಕೊಳ್ಳಲು ಒಪ್ಪಿದ್ದಾನೆ, ಒಂದೇ ಒಂದು ದಿನಕ್ಕೆ ಆ ಹಳೆಯ ನೋವಿನ ಪುಡಿ ಕೊಡಿ ಎಂದ. ಕೊಟ್ಟಿದ್ದರೆ ಕುದುರೆ ಸಂತೆಯಲ್ಲಿ ಹಂಸದಂತೆ ನಡೆಯುತ್ತಿತ್ತು. ಮೊದಲು ಕೇಳದೆಯೇ ಕೊಟ್ಟವನು ನಾನು. ಈಗ ಇಲ್ಲವೆಂದಾಗ ಅವನಿಗೆ ನನ್ನ ನ್ಯಾಯ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಮೂರು ವಾರ ಅವನು ಈ ಕಡೆ ತಲೆಹಾಕಲಿಲ್ಲ. ಮಾರಿದನೆಂದೇ ತಿಳಿದೆ.

ಮಾರಿರಲಿಲ್ಲ. ನೆಂಟನ ಗಾಡಿಯನ್ನು ರಾತ್ರಿಯ ಪಾಳಿಯಲ್ಲಿ ಪಾಲಿಗೆ ಓಡಿಸಿ ಬಡ್ಡಿ ಕಟ್ಟುತ್ತಿದ್ದ. ಆರು ವಾರಕ್ಕೆ ಕುಂಟು ಬಹುಮಟ್ಟಿಗೆ ಇಳಿಯಿತು. ಮುಖದ ಊತ ಮಾತ್ರ ಪೂರ್ತಿ ಹೋಗಲಿಲ್ಲ, ಹೋಗುವುದೂ ಅಪರೂಪ. ಐದನೆಯ ತಿಂಗಳಿನಲ್ಲಿ ಒಂದು ಬೆಳಗ್ಗೆ ಅವನು ಕುದುರೆಯನ್ನು ನಮ್ಮ ಬೀದಿಗೆ ತಂದು, ಡಾಂಬರಿನ ಮೇಲೆ ಆ ತುದಿಯಿಂದ ಈ ತುದಿಗೆ ಓಡಿಸಿದ. ನಾನು ಗೇಟಿನ ಬಳಿ ನಿಂತು ಅದರ ತಲೆಯನ್ನೇ ನೋಡಿದೆ. ಅಲ್ಲಾಡಲಿಲ್ಲ. ಉಳಿದಿದ್ದ ಬೂಸಾದ ಮೂಟೆ ಏನಾಯಿತೆಂದು ಕೇಳಿದೆ. ಹಾಲಿನವನಿಗೆ ಮಾರಿದೆ ಸ್ವಾಮಿ, ಅವನ ಹಸು ಚೆನ್ನಾಗಿದೆ ಎಂದ.