ಕ್ಷಮೆಯೂ ದಿನಚರಿಯೂ



ಶಿಕಾರಿಪುರದ ಸೀಮೆಯಲ್ಲಿ, ಸೊರಬಕ್ಕೆ ಸಮೀಪವಾಗಿ, ಬಂದಳಿಕೆ ಎಂಬ ಪ್ರಾಚೀನ ಸ್ಥಳವಿದೆ. ಹಿಂದೆ ನಾಗರಖಂಡವೆಂಬ ನಾಡಿಗೆ ಅದೇ ಮುಖ್ಯಪಟ್ಟಣವಾಗಿದ್ದಿತು. ಅಲ್ಲಿಯ ಶಾಂತಿನಾಥ ಬಸದಿಯನ್ನೂ ಸೋಮೇಶ್ವರ ದೇವಾಲಯವನ್ನೂ ನೋಡಿದವರು ನಮ್ಮಲ್ಲಿ ಕೆಲವರಿರಬಹುದು. ಆ ಊರಿನ 918ನೆಯ ಇಸವಿಯ ಶಾಸನವೊಂದು ಜಕ್ಕಿಯಬ್ಬೆ ಎಂಬ ಮಹಿಳೆಯ ವೃತ್ತಾಂತವನ್ನು ತಿಳಿಸುತ್ತದೆ. ರಾಷ್ಟ್ರಕೂಟರ ಆಳ್ವಿಕೆಯಲ್ಲಿ ನಾಳ್ಗಾವುಂಡನಾಗಿದ್ದ ಪತಿಯು ಮಡಿಯಲು, ಆ ಅಧಿಕಾರವು ಈಕೆಗೆ ಬಂದಿತು. ಸಮರ್ಥಳಾಗಿ ನಾಡನ್ನಾಳಿ, ಕಡೆಗೆ ವ್ಯಾಧಿಪೀಡಿತಳಾದಾಗ ಎಲ್ಲವನ್ನೂ ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತವನ್ನು ಕೈಕೊಂಡು ದೇಹವನ್ನು ಬಿಟ್ಟಳು.

ಈ ಸಲ್ಲೇಖನ ವ್ರತಕ್ಕೆ ಆಹಾರತ್ಯಾಗಕ್ಕಿಂತ ಮೊದಲಿನ ಮೆಟ್ಟಿಲೊಂದುಂಟು. ಸ್ನೇಹ, ವೈರ, ಸಂಗಗಳನ್ನು ತೊರೆದು, ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ, ತಾನೂ ಪ್ರಿಯವಚನಗಳಿಂದ ಕ್ಷಮೆಯನ್ನು ಬೇಡತಕ್ಕದ್ದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ನಾಡನ್ನಾಳಿದವರಿಗೆ ಕ್ಷಮಿಸಬೇಕಾದವರೂ ಕ್ಷಮೆ ಕೇಳಬೇಕಾದವರೂ ಬಹುಮಂದಿ ಇರುವುದು ಸಹಜವೇ.

ಕ್ರೈಸ್ತ ಧರ್ಮಗ್ರಂಥವು ಇದೇ ಕಾರ್ಯವನ್ನು ಅಂತ್ಯಕಾಲಕ್ಕೆ ಬಿಡದೆ ಪ್ರತಿದಿನಕ್ಕೂ ತರುತ್ತದೆ. ಸೂರ್ಯನು ಮುಳುಗುವುದರೊಳಗೆ ಕೋಪವು ಮುಗಿಯಬೇಕೆಂದು ಪೌಲನು ಎಫೆಸದವರಿಗೆ ಬರೆದನು. ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಪೇತ್ರನು ಕೇಳಿದಾಗ, ಯೇಸುವು ಎಪ್ಪತ್ತೇಳರ ಲೆಕ್ಕವನ್ನು ಮುಂದಿಟ್ಟು ಎಣಿಕೆಯನ್ನೇ ಮುರಿದನು. ಬಳಿಕ ಒಂದು ಸಾಮ್ಯವನ್ನು ಹೇಳಿದನು. ಒಬ್ಬ ಸೇವಕನಿಗೆ ಅರಸನು ಹತ್ತು ಸಾವಿರ ತಲಾಂತುಗಳ ಸಾಲವನ್ನು ಬಿಟ್ಟನು. ಅವನಾದರೋ ನೂರು ದೀನಾರಗಳಿಗಾಗಿ ಜತೆಯ ಸೇವಕನನ್ನು ಸೆರೆಗೆ ಹಾಕಿಸಿದನು. ದೀನಾರವೆಂದರೆ ಒಂದು ದಿನದ ಕೂಲಿ. ತಲಾಂತಿಗೆ ಸುಮಾರು 6,000 ದೀನಾರ. ಆದುದರಿಂದ ಮೊದಲನೆಯ ಸಾಲವು ಎರಡನೆಯದಕ್ಕಿಂತ ಆರು ಲಕ್ಷ ಪಾಲು ದೊಡ್ಡದು. ಆದರೂ ನೂರು ದಿನಗಳ ಕೂಲಿ ಬಡವನಿಗೆ ಅಲ್ಪವಲ್ಲ ಎಂಬುದನ್ನು ನಾವು ಗಮನಿಸಬೇಕು. ನಮಗಾದ ಅನ್ಯಾಯವು ಸುಳ್ಳೆಂದು ಗ್ರಂಥವು ಹೇಳುವುದಿಲ್ಲ. ಅದು ನಿಜವಾದ ಸಾಲವೇ; ಆದರೆ ನಾವೂ ಸಾಲಗಾರರು.

ಸುವಾರ್ತೆಯ ಗ್ರೀಕ್ ಮೂಲದಲ್ಲಿ ಕ್ಷಮಿಸುವುದಕ್ಕೆ ಬಳಸಿರುವ ಪದದ ಮೂಲಾರ್ಥ 'ಬಿಟ್ಟುಬಿಡು' ಎಂಬುದು. ನಮ್ಮ 'ಕ್ಷಮೆ'ಯ ಧಾತುವಿಗೆ ಸಹಿಸುವುದೆಂದರ್ಥ. ಭೂಮಿಗೂ ಕ್ಷಮೆಯೆಂಬ ಹೆಸರುಂಟು. ಸಹಿಸಿಯೂ ಬಿಡದವನು ಒಳಗೇ ಬೇಯುತ್ತಾನೆ. ಸಹನೆಯಿಲ್ಲದವನಿಗೆ ಬಿಡುವ ಶಕ್ತಿಯೇ ಬರದು. ಎರಡೂ ಕೂಡಬೇಕು.

ಇದು ಮನೆಯಲ್ಲಿಯೂ ಗದ್ದೆಯಲ್ಲಿಯೂ ನಡೆಯುವುದು ಹೇಗೆ? ಬದುವನ್ನು ಒಂದು ಮೊಳ ಒತ್ತರಿಸಿದನೆಂದು ಅಣ್ಣನು ತಮ್ಮನೊಡನೆ ಮಾತು ಬಿಡುತ್ತಾನೆ. ಮಕ್ಕಳೂ ಆ ಹಗೆಯನ್ನು ಆಸ್ತಿಯಂತೆ ಹಂಚಿಕೊಳ್ಳುತ್ತಾರೆ. ಮತ್ತಾಯನ ಸುವಾರ್ತೆಯು ಇಲ್ಲಿ ಮೌನವಾಗಿರೆಂದು ಹೇಳುವುದಿಲ್ಲ. ತಪ್ಪು ಮಾಡಿದವನ ಬಳಿಗೆ ಹೋಗಿ, ಇಬ್ಬರೇ ಇರುವಾಗ ಅದನ್ನು ತಿಳಿಸೆನ್ನುತ್ತದೆ. ಅವನು ಕೇಳದಿದ್ದರೆ ಮಾತ್ರ ಒಬ್ಬಿಬ್ಬರನ್ನು ಕರೆದುಕೊಂಡು ಹೋಗತಕ್ಕದ್ದು. ನಾವಾದರೋ ಊರಿಗೆಲ್ಲ ಹೇಳಿ, ಹೇಳಬೇಕಾದವನಿಗೊಬ್ಬನಿಗೆ ಹೇಳುವುದಿಲ್ಲ. ಬದುವನ್ನು ಅಳೆಯಿಸಿ ನ್ಯಾಯವನ್ನು ಪಡೆಯುವುದು ಕ್ಷಮೆಗೆ ವಿರೋಧವಲ್ಲ. ಅಳತೆ ಮುಗಿದ ಮೇಲೂ ಹಗೆಯನ್ನು ಸಾಕುವುದು ವಿರೋಧ.

ಈ ಮನಸ್ಸು ಒಂದೇ ದಿನದಲ್ಲಿ ಬಾರದು. ಬಿತ್ತಿದವನು ಮಲಗಿ ಏಳುತ್ತಿರುವಾಗಲೇ ಬೀಜವು ಅವನರಿಯದೆ ಮೊಳೆತು, ಎಲೆಯಾಗಿ, ತೆನೆಯಾಗಿ, ಕಾಳಾಗುವ ಸಾಮ್ಯವು ಮಾರ್ಕನಲ್ಲಿದೆ. ಬತ್ತ ಬೆಳೆಯುವ ನಮ್ಮವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಸಸಿಯನ್ನು ಎಳೆದು ಉದ್ದಮಾಡುವವನಿಲ್ಲ. ಕಳೆ ಕೀಳುವುದಷ್ಟೇ ಒಕ್ಕಲಿಗನ ಪಾಲು. ಪ್ರತಿ ಸಂಜೆಯೂ ಒಂದು ಹಗೆಯ ಬೇರನ್ನು ಕಿತ್ತರೆ ಆತ್ಮದ ಬೆಳೆಯು ತಾನಾಗಿ ಏಳುತ್ತದೆ.

ಜಕ್ಕಿಯಬ್ಬೆಗೆ ಸಿದ್ಧಳಾಗಲು ಅವಕಾಶವು ದೊರೆಯಿತು. ನಮ್ಮಲ್ಲಿ ಅನೇಕರಿಗೆ ಅಷ್ಟು ಅವಕಾಶವು ದೊರೆಯದಿರಬಹುದು. ಮಾತು ಬಿಟ್ಟವರ ಮನೆಗೆ ಹೋಗುವ ಕೆಲಸವು ಯಾರಿಗಾದರೂ ಉಳಿದಿದ್ದರೆ, ಅದನ್ನು ಇಂದೇ, ಹೊತ್ತು ಮುಳುಗುವ ಮೊದಲೇ, ಮಾಡುವುದು ಲೇಸು.