ತ್ರೀ ನಾಟ್ ತ್ರೀ ತೋಟೆ ಮತ್ತು ನಮ್ಮ ಕೋವಿ

(ರಾಮಕುಂಜದ ಕೃಷಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕಡಬ, ಪುತ್ತೂರು, ಸುಳ್ಯದ ಅಡಿಕೆ ಬೆಳೆಗಾರರಿಗೆ ಕೋವಿ ಹೊಸತಲ್ಲ. ಬೆಳೆ ರಕ್ಷಣೆಗೆಂದು ಪರವಾನಿಗೆ ಪಡೆದ ಕೋವಿ ಅನೇಕರ ಮನೆಯಲ್ಲಿದೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಎಂಬ ಆದೇಶವೂ ಬರುತ್ತದೆ. ನೀತಿಸಂಹಿತೆ ಹಂದಿಗಳಿಗೆ ಅನ್ವಯಿಸುವುದಿಲ್ಲ ಎಂಬುದೊಂದೇ ತೊಂದರೆ. ಹಾಗೆ ಠಾಣೆಗೆ ಹೋದವರು ಕಾವಲಿನ ಪೊಲೀಸರ ಕೈಯಲ್ಲಿ ಮರದ ಹಿಡಿಯ ಉದ್ದನೆಯ ಬಂದೂಕನ್ನು ಕಂಡಿರಬಹುದು. ಎನ್.ಸಿ.ಸಿ.ಯಲ್ಲಿದ್ದವರು ಅದನ್ನೇ ಹೆಗಲಿಗೇರಿಸಿ ಕವಾಯತು ಮಾಡಿರಬಹುದು. ಅದೇ ತ್ರೀ ನಾಟ್ ತ್ರೀ. ಆ ಬಂದೂಕಿನ ತೋಟೆ ನಮ್ಮ ಕೋವಿಗೆ ಹಿಡಿಸುವುದಿಲ್ಲ. ಅದು ಹಿಡಿಸುವ ಬಂದೂಕನ್ನು ನಾವು ಸಾಮಾನ್ಯ ಪರವಾನಿಗೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಏಕೆ? ಈ ಸಣ್ಣ ಪ್ರಶ್ನೆಯ ಹಿಂದೆ ದೊಡ್ಡ ಇತಿಹಾಸವಿದೆ.

ಮೊದಲು ಅಂಕಿಗಳ ಗೊಂದಲ ಬಿಡಿಸೋಣ. ತೋಟೆ ಎಂದರೆ ಮದ್ದು, ಗುಂಡು, ಕಿಡಿ ಹೊತ್ತಿಸುವ ಕೇಪು ಮೂರನ್ನೂ ಒಂದೇ ಚಿಪ್ಪಿನಲ್ಲಿ ಕಟ್ಟಿಟ್ಟ ಪೊಟ್ಟಣ. 303 ಎಂದರೆ ನಳಿಗೆಯ ಒಳ ಅಗಲ. ಇಂಚಿನ ಸಾವಿರ ಪಾಲಿನಲ್ಲಿ 303 ಪಾಲು, ಸುಮಾರು 7.7 ಮಿ.ಮೀ. ನಮ್ಮ 12 ಬೋರಿನ ಲೆಕ್ಕವೇ ಬೇರೆ. ಒಂದು ಪೌಂಡು ಸೀಸದಲ್ಲಿ ಸಮನಾದ 12 ಉಂಡೆ ಕಟ್ಟಿದರೆ, ಒಂದು ಉಂಡೆ ಹಿಡಿಸುವಷ್ಟು ಅಗಲದ ನಳಿಗೆ ಅದು, ಸುಮಾರು 18.5 ಮಿ.ಮೀ. ತೂತು ನಮ್ಮದೇ ದೊಡ್ಡದು! ಆದರೆ ಅದರಿಂದ ಸಾಮಾನ್ಯವಾಗಿ ಹಾರುವುದು ಚರೆ. ಸೈನ್ಯದ ತೋಟೆಯಲ್ಲಿರುವುದು ಒಂದೇ ಗುಂಡು. ನಳಿಗೆಯೊಳಗಿನ ತಿರುಚು ಗೀರುಗಳಿಂದಾಗಿ ಅದು ಬುಗುರಿಯಂತೆ ತಿರುಗುತ್ತ ನೇರ ಹೋಗುತ್ತದೆ.

1837ರಲ್ಲಿ ನಮ್ಮ ಅಮರಸುಳ್ಯದ ರೈತರು ಬೆಳ್ಳಾರೆಯ ಖಜಾನೆ ಹಿಡಿದು ಮಂಗಳೂರಿಗೆ ನಡೆದಾಗ ಇಂಥ ತೋಟೆ ಇರಲಿಲ್ಲ. ಬಾಯಿಯಿಂದ ಮದ್ದು ತುಂಬಿ, ಗುಂಡು ಇಳಿಸಿ, ಗಜದಿಂದ ಜಡಿಯುವ ಕೋವಿಗಳ ಕಾಲ ಅದು. ಇಪ್ಪತ್ತು ವರ್ಷಗಳ ಬಳಿಕ ಎನ್‌ಫೀಲ್ಡ್ ಬಂದೂಕಿನ ಕಾಗದದ ತೋಟೆ ಬಂತು. ಹಲ್ಲಿನಿಂದ ಕಚ್ಚಿ ಹರಿಯಬೇಕಾದ ಅದಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಮ್‌ಡಮ್‌ನಿಂದ ಹಬ್ಬಿತು. ಮುಂದಿನದು ನಿಮಗೆ ಗೊತ್ತೇ ಇದೆ.

ಆ ದಂಗೆಯ ಭಯ ಬ್ರಿಟಿಷರನ್ನು ಬಿಡಲಿಲ್ಲ. ಜನರ ಕೈಯ ಆಯುಧ ಕಸಿಯುವ ಕಾನೂನುಗಳು ಬಂದವು. 1878ರ ಆಯುಧ ಕಾಯಿದೆ ಪರವಾನಿಗೆಯ ಪದ್ಧತಿಯನ್ನು ಗಟ್ಟಿ ಮಾಡಿತು. ಸಂಪಾಜೆ ಘಾಟಿಯ ಆಚೆ ಮಾತ್ರ ಬೇರೆ ಕಥೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಕೊಟ್ಟ ವಿನಾಯಿತಿ ಇಂದಿಗೂ ನಡೆದಿದೆ. 2019ರಲ್ಲಿ ಅದನ್ನು 2029ರ ತನಕ ವಿಸ್ತರಿಸಲಾಯಿತು. ಘಾಟಿಯ ಆಚೆ ಪೂಜೆಗಿಡುವ ಕೋವಿಗೆ ಈಚೆ ಅರ್ಜಿ ನಮೂನೆ!

ತ್ರೀ ನಾಟ್ ತ್ರೀ ಹುಟ್ಟಿದ್ದು 1888–89ರಲ್ಲಿ. ಮೊದಲು ಅದರಲ್ಲಿದ್ದುದು ಕರಿಮದ್ದೇ. 1891ರ ಹೊತ್ತಿಗೆ ಶಾವಿಗೆಯಂತೆ ಎಳೆಎಳೆಯಾಗಿರುವ ಕಾರ್ಡೈಟ್ ಬಂತು. ಹೊಗೆ ಕಡಿಮೆ, ವೇಗ ಹೆಚ್ಚು. ಈ ಕಾರ್ಡೈಟನ್ನು ಇಲ್ಲೇ ತಯಾರಿಸಲೆಂದು ನೀಲಗಿರಿಯ ಅರುವಂಕಾಡಿನಲ್ಲಿ 1903ರಲ್ಲಿ ಕಾರ್ಖಾನೆ ಕಟ್ಟಿದರು. ಅದು ಈಗಲೂ ನಡೆಯುತ್ತಿದೆ. ಆದರೆ 1895ರ ಚಿತ್ರಾಲ್ ಕಾಳಗದಲ್ಲಿ ಸೈನಿಕರ ದೂರು ಬಂತು: ಗುಂಡು ಶತ್ರುವಿನ ಮೈಯನ್ನು ತೂರಿಕೊಂಡು ಆಚೆ ಹೋಗುತ್ತದೆ, ಆತ ನಿಲ್ಲುವುದಿಲ್ಲ! ಅದೇ ಡಮ್‌ಡಮ್‌ನ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬಾತ ಗುಂಡಿನ ತುದಿಯ ಲೋಹದ ಹೊದಿಕೆ ತೆಗೆದು ಒಳಗಿನ ಸೀಸ ತೆರೆದಿಟ್ಟ. ಮೈಗೆ ತಾಗಿದೊಡನೆ ಅದು ಅಣಬೆಯಂತೆ ಅರಳಿ ಘೋರ ಗಾಯ ಮಾಡುತ್ತಿತ್ತು. 1899ರ ಹೇಗ್ ಸಮ್ಮೇಳನ ಇಂಥ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ಬ್ರಿಟನ್ ಒಪ್ಪಿಕೊಂಡದ್ದು 1907ರಲ್ಲಿ. 1910ರಲ್ಲಿ ಬಂದ ಚೂಪು ಮೂತಿಯ ಏಳನೆಯ ಮಾದರಿಯ ಗುಂಡಿಗೆ ಪೂರ್ತಿ ಹೊದಿಕೆಯಿತ್ತು. ಆದರೆ ತುದಿಯೊಳಗೆ ಹಗುರ ಅಲ್ಯೂಮಿನಿಯಂ ಇಟ್ಟು ಹಿಂಭಾರ ಮಾಡಿದ್ದರಿಂದ ಅದು ಮೈ ಹೊಕ್ಕಮೇಲೆ ಮಗುಚಿಕೊಳ್ಳುತ್ತಿತ್ತು. ಕಾನೂನಿನ ಅಕ್ಷರ ಉಳಿಯಿತು, ಅಷ್ಟೆ. ಎರಡು ಮಹಾಯುದ್ಧಗಳಲ್ಲಿ ನಮ್ಮ ಸಿಪಾಯಿಗಳು ಹೊತ್ತದ್ದು ಇದನ್ನೇ.

ಇನ್ನು ನಮ್ಮ ಪ್ರಶ್ನೆಗೆ ಬರುತ್ತೇನೆ. ಸರಕಾರದ ಭಯ ಬಂದೂಕಿಗಿಂತ ತೋಟೆಯದು. ಬಂದೂಕು ಒಮ್ಮೆ ಕದ್ದರೆ ಸಾಕು, ತೋಟೆ ಮತ್ತೆ ಮತ್ತೆ ಬೇಕು. ಸೈನ್ಯದ ತೋಟೆಯೇ ಖಾಸಗಿ ಬಂದೂಕಿಗೂ ಹಿಡಿಸಿದರೆ ಉಗ್ರಾಣದಿಂದ ಸೋರಿದ್ದೆಲ್ಲ ಬಳಕೆಗೆ ಬರುತ್ತದೆ. ಆದ್ದರಿಂದ ಸೈನ್ಯದ ಅಳತೆಯನ್ನು ನಿಷಿದ್ಧ ಬೋರ್ ಎಂದರು. ಶಿಕಾರಿಯವರಿಗೆ ಆಸ್ಟ್ರಿಯಾದ ಮಾನ್ಲಿಕರ್ ತೋಟೆಯ ಅಳತೆಯ 315 ಬೋರ್ ಬಂತು. ಸ್ವಾತಂತ್ರ್ಯ ಬಂದ ಮೇಲೂ, 1959ರ ಕಾಯಿದೆಯ ನಂತರವೂ ಈ ಗೆರೆ ಅಳಿಯಲಿಲ್ಲ. ಇಶಾಪುರದ ಸರಕಾರಿ ಕಾರ್ಖಾನೆ ನಾಗರಿಕರಿಗೆ 315 ರೈಫಲನ್ನೇ ತಯಾರಿಸಿತು.

ಇತ್ತ ಸೈನ್ಯವೇ 303ನ್ನು ಬಿಟ್ಟಿತು. 1962ರ ಚೀನಾ ಯುದ್ಧದ ಕಹಿಯ ಬಳಿಕ 7.62 ಮಿ.ಮೀ. ಬಂತು, 1990ರ ದಶಕದಲ್ಲಿ 5.56. ಹಳೆಯದು ಪೊಲೀಸರ ಪಾಲಿಗೆ ಉಳಿಯಿತು. 2008ರಲ್ಲಿ ಮುಂಬಯಿ ರೈಲು ನಿಲ್ದಾಣದಲ್ಲಿ ಯಂತ್ರಬಂದೂಕಿನ ಭಯೋತ್ಪಾದಕರೆದುರು ಕೆಲವು ಪೊಲೀಸರ ಕೈಯಲ್ಲಿದ್ದುದು ಇದೇ. ಉತ್ತರಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಂದು ಇದಕ್ಕೆ ವಿದಾಯ ಹೇಳಿದರು. ಕೆನಡಾದ ಹಿಮಪ್ರದೇಶದ ಕಾವಲುಪಡೆ ಮಾತ್ರ ಹಿಮಕರಡಿಯ ಭಯಕ್ಕೆ ಇದನ್ನು 2010ರ ದಶಕದವರೆಗೂ ಇಟ್ಟುಕೊಂಡಿತ್ತು. ಅಲ್ಲಿ, ಆಸ್ಟ್ರೇಲಿಯದಲ್ಲಿ ಬೇಟೆಗಾರರು ಈಗಲೂ ಬಳಸುತ್ತಾರೆ.

ಸೈನ್ಯವೇ ಬಿಟ್ಟದ್ದನ್ನು ನಮಗೆ ಕೊಡಬಾರದೇ ಎಂದು ಕೇಳಬಹುದು. 2023ರಲ್ಲಿ ನಮ್ಮ ಕಡಬದ ರೆಂಜಿಲಾಡಿಯಲ್ಲಿ ಆನೆ ಇಬ್ಬರನ್ನು ಕೊಂದ ಮೇಲೆ ಈ ಪ್ರಶ್ನೆ ಸಹಜವೂ ಹೌದು. ಆದರೆ ಪರವಾನಿಗೆ ಇದ್ದರೂ ಆನೆಗೆ ಗುಂಡು ಹಾರಿಸಲು ವನ್ಯಜೀವಿ ಕಾಯಿದೆ ಬಿಡುವುದಿಲ್ಲ; ನಮ್ಮ ಕೋವಿಯ ಕೆಲಸ ಹೆಚ್ಚಾಗಿ ಸದ್ದು ಮಾಡಿ ಓಡಿಸುವುದು. ಸದ್ದಿಗೆ ಕೇಪಿನ ಕೋವಿಯೇ ಸಾಕು. ಇನ್ನೊಂದು ಮಾತು: ಚರೆ ಕೆಲವು ನೂರು ಮೀಟರಿನೊಳಗೆ ಉದುರುತ್ತದೆ. 303ರ ಗುಂಡು ತಡೆಯಿಲ್ಲದಿದ್ದರೆ ಎರಡು ಕಿಲೋಮೀಟರಿಗೂ ಆಚೆ ಹೋಗುತ್ತದೆ. ನಮ್ಮೂರಿನಲ್ಲಿ ತೋಟಕ್ಕೊಂದು ಮನೆ. ರಾತ್ರಿ ಹಂದಿಗೆಂದು ಹಾರಿಸಿದ ಗುಂಡು ಎಷ್ಟು ಜನರ ಅಂಗಳ ದಾಟಬೇಕು, ನೀವೇ ಲೆಕ್ಕ ಹಾಕಿ.